ರಸೀತಿಯಿಲ್ಲದ ನಂಬಿಕೆ



2005ನೆಯ ಇಸವಿ ಅಕ್ಟೋಬರ್ 29ರ ಸಂಜೆ, ದೀಪಾವಳಿಗೆ ಮೂರು ದಿನವಿರುವಾಗ, ನಮ್ಮ ಸರೋಜಿನಿ ನಗರದ ಮಾರುಕಟ್ಟೆಯಲ್ಲಿ ಬಾಂಬು ಸಿಡಿಯಿತು. ದೆಹಲಿಯ ಅಂದಿನ ಸ್ಫೋಟಗಳಲ್ಲಿ 60ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಹಣತೆ ಕೊಳ್ಳಲು ಹೋಗಿದ್ದ ನಮ್ಮ ತಾಯಿ ಕ್ಷೇಮವಾಗಿ ಮರಳಿದರು. ‘ದೇವರು ಕಾಪಾಡಿದ’ ಎಂದೆವು. ಮರಳದವರ ಮನೆಯವರು ಏನೆನ್ನಬೇಕು? ಅವರೂ ನಂಬಿದವರೇ ಅಲ್ಲವೇ?

ಬ್ಯಾಂಕಿನ ಗುಮಾಸ್ತನಾದ ನಾನು ಠೇವಣಿಗೆ ರಸೀತಿ ಬರೆಯುವವನು. ದೇವರಲ್ಲಿಟ್ಟ ನಂಬಿಕೆಗೆ ಅಂಥ ರಸೀತಿಯಿಲ್ಲ.

ಅದೇ ಸಂಜೆ ಗೋವಿಂದಪುರಿಯಲ್ಲಿ ಬಸ್ ಚಾಲಕ ಕುಲದೀಪ್ ಸಿಂಗರು ಪ್ರಯಾಣಿಕರನ್ನು ಇಳಿಸಿ, ಬಾಂಬಿನ ಚೀಲವನ್ನು ಹೊರಗೆಸೆದು, ತಮ್ಮ ದೃಷ್ಟಿಯನ್ನೇ ಕಳೆದುಕೊಂಡರು. ಆ ಪ್ರಯಾಣಿಕರಿಗೆ ದೇವರು ಅವರ ಕೈಗಳಲ್ಲಿ ಹತ್ತಿರ ಬಂದ.

ಆದುದರಿಂದ ‘ನನ್ನನ್ನು ಉಳಿಸು’ ಎಂದಷ್ಟೇ ಬೇಡಿದರೆ ಸಾಲದು. ‘ಇನ್ನೊಬ್ಬರಿಗೆ ನೆರವಾಗುವ ಧೈರ್ಯ ಕೊಡು’ ಎಂದೂ ಬೇಡೋಣ.