ಮೂರು ದೀಪ ಉರಿದರೂ ಮೋಟಾರು ಸುಡುವುದೇಕೆ?



ಬೇಸಿಗೆ ಬಂತೆಂದರೆ ಪಂಪ್‌ಸೆಟ್ಟುಗಳಿರುವ ಊರುಗಳ ರಿವೈಂಡಿಂಗ್ ಅಂಗಡಿಗಳ ಮುಂದೆ ಸುಟ್ಟ ಮೋಟಾರುಗಳು ಸಾಲುಗಟ್ಟುತ್ತವೆ. ತಾಮ್ರದ ತಂತಿಯ ಬೆಲೆ, ಕೊಳವೆ ಬಾವಿಯಾದರೆ ಪೈಪು ಎತ್ತಿ ಇಳಿಸುವ ಕೂಲಿ, ಅಷ್ಟು ದಿನ ನೀರಿಲ್ಲದೆ ಬಾಡಿದ ಬೆಳೆ, ಇವೆಲ್ಲ ರೈತನ ತಲೆಯ ಮೇಲೆ ಬೀಳುತ್ತವೆ. ಮೋಟಾರು ಏಕೆ ಸುಟ್ಟಿತೆಂದು ಕೇಳಿದರೆ 'ವೋಲ್ಟೇಜು ಸರಿಯಿರಲಿಲ್ಲ' ಎಂಬುದೇ ಸಾಮಾನ್ಯ ಉತ್ತರ. ಈ ಉತ್ತರ ಅರ್ಧ ಮಾತ್ರ ಸರಿ.

ಅಂಗಡಿಯಲ್ಲಿ ಮೋಟಾರು ಬಿಚ್ಚುವಾಗ ರೈತನು ಅಲ್ಲೇ ನಿಂತು ನೋಡುವುದು ಒಳ್ಳೆಯದು. ಎಲ್ಲ ಸುರುಳಿಗಳೂ ಒಂದೇ ಸಮನಾಗಿ ಕರಿದಾಗಿದ್ದರೆ ಹೊರೆ ಹೆಚ್ಚಾಗಿದೆ, ಇಲ್ಲವೇ ಮೂರೂ ಫೇಸುಗಳಲ್ಲಿ ವೋಲ್ಟೇಜು ಕುಸಿದಿದೆ ಎಂದರ್ಥ. ಸ್ಟಾರ್ ಜೋಡಣೆಯ ಮೋಟಾರಿನಲ್ಲಿ ಎರಡು ಫೇಸಿನ ಸುರುಳಿಗಳು ಸುಟ್ಟು ಒಂದು ಫೇಸಿನವು ಹೊಸದರಂತೆ ಹೊಳೆಯುತ್ತಿದ್ದರೆ, ಅಥವಾ ಡೆಲ್ಟಾ ಜೋಡಣೆಯಲ್ಲಿ ಒಂದು ಫೇಸಿನವು ಮಾತ್ರ ಸುಟ್ಟು ಉಳಿದೆರಡು ಚೆನ್ನಾಗಿದ್ದರೆ, ಮೋಟಾರು ಓಡುತ್ತಿದ್ದಾಗ ಒಂದು ಫೇಸು ತಪ್ಪಿಹೋಗಿತ್ತು ಎಂದು ತಿಳಿಯಬೇಕು.

'ಬೋರ್ಡಿನಲ್ಲಿ ಮೂರೂ ದೀಪ ಉರಿಯುತ್ತಿತ್ತಲ್ಲ!' ಎಂದು ರೈತರು ಆಗ ಅಚ್ಚರಿಪಡುತ್ತಾರೆ. ಅವರ ಮಾತು ಸುಳ್ಳಲ್ಲ. ಓಡುತ್ತಿರುವ ಮೋಟಾರಿಗೆ ಒಂದು ಫೇಸು ನಿಂತರೂ ಅದು ಉಳಿದೆರಡು ತಂತಿಗಳ ಬಲದಿಂದ ತಿರುಗುತ್ತಲೇ ಇರುತ್ತದೆ. ತಿರುಗುವ ರೋಟರಿನ ಕಾಂತಬಲವು ಸತ್ತ ಫೇಸಿನ ಸುರುಳಿಯಲ್ಲಿ ತಾನೇ ವೋಲ್ಟೇಜನ್ನು ಹುಟ್ಟಿಸುತ್ತದೆ. ಈ ವೋಲ್ಟೇಜು ಹಿಂದಕ್ಕೆ ಬೋರ್ಡಿನವರೆಗೂ ಬಂದು ದೀಪವನ್ನು ಉರಿಸುತ್ತದೆ. ಕಂಬದಿಂದ ಬರಬೇಕಾದದ್ದು ಮೋಟಾರಿನಿಂದ ಬಂದಿದೆ ಎಂದು ದೀಪ ಹೇಳಲಾರದು. ಇತ್ತ ಉಳಿದೆರಡು ತಂತಿಗಳಲ್ಲಿ ಕರೆಂಟು ಸುಮಾರು 1.73 ಪಟ್ಟು ಏರುತ್ತದೆ. ಸ್ಟಾರ್ಟರಿನ ಓವರ್‌ಲೋಡ್ ರಿಲೇ ಕಾಪಾಡಬಹುದು, ಆದರೆ ಯಾವಾಗಲೂ ಅಲ್ಲ. ಡೆಲ್ಟಾ ಮೋಟಾರು ಅರೆಹೊರೆಯಲ್ಲಿ ಓಡುತ್ತಿದ್ದರೆ ಹೊರಗಿನ ತಂತಿಯ ಕರೆಂಟು ರಿಲೇಯ ಮಿತಿಯೊಳಗೇ ಇದ್ದು, ಒಳಗಿನ ಒಂದು ಸುರುಳಿ ಬೇಯುತ್ತಿರುತ್ತದೆ. ಪದೇ ಪದೇ ಬೀಳುತ್ತದೆಂದು ರಿಲೇಯ ಮುಳ್ಳನ್ನು ಕೊನೆಗೆ ತಿರುಗಿಸಿಟ್ಟವರ ವಿಚಾರವಂತೂ ಹೇಳುವುದೇ ಬೇಡ.

ಈ ತೊಡಕನ್ನು ಬಿಡಿಸಲು ದಾರಿ ತೋರಿದ್ದು ಗಣಿತ. ಕೆನಡಾದಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಫೋರ್ಟೆಸ್ಕ್ಯೂ ಎಂಬ ಇಂಜಿನಿಯರು, ಮೂರು ಫೇಸುಗಳು ಸಮನಾಗಿಲ್ಲದಾಗ ಇಂಡಕ್ಷನ್ ಮೋಟಾರು ಹೇಗೆ ನಡೆಯುತ್ತದೆಂಬ ಲೆಕ್ಕವನ್ನು 1913ರಲ್ಲಿ ಕೈಗೆತ್ತಿಕೊಂಡನು. 1918ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವನು ತೋರಿಸಿದ್ದು ಇದು: ಸಮನಲ್ಲದ ಮೂರು ವೋಲ್ಟೇಜುಗಳನ್ನು ಸಮನಾದ ಗುಂಪುಗಳಾಗಿ ಬಿಡಿಸಬಹುದು. ಒಂದು ಗುಂಪು ಮೋಟಾರನ್ನು ಸರಿಯಾದ ದಿಕ್ಕಿಗೆ ತಿರುಗಿಸುತ್ತದೆ, ಇನ್ನೊಂದು ಅದರ ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ಮೂರನೆಯದು ಮೂರೂ ಫೇಸುಗಳಲ್ಲಿ ಒಂದೇ ತೆರನಾಗಿರುತ್ತದೆ. ಮೂರೇ ತಂತಿಗಳ ಪಂಪ್ ಮೋಟಾರಿಗೆ ಅದರ ಕಾಟವಿಲ್ಲ. ಗಾಣದ ಎತ್ತು ಮುಂದಕ್ಕೆ ನಡೆಯುತ್ತಿರುವಾಗ ಅದೇ ನೊಗಕ್ಕೆ ಒಂದು ಕರುವನ್ನು ಹಿಂದುಮುಂದಾಗಿ ಕಟ್ಟಿದಂತೆ ಈ ಎರಡನೆಯ ಗುಂಪು.

ಕರು ಚಿಕ್ಕದಾದರೂ ಅದರ ಕಾಟ ದೊಡ್ಡದು. ವಿರುದ್ಧ ಗುಂಪಿನ ವೋಲ್ಟೇಜಿಗೆ ಮೋಟಾರು ಹೆಚ್ಚುಕಡಿಮೆ ನಿಂತ ಮೋಟಾರಿನಂತೆಯೇ ವರ್ತಿಸುತ್ತದೆ. ಹೊರಡುವಾಗ ಮೋಟಾರು ಸುಮಾರು ಆರು ಪಟ್ಟು ಕರೆಂಟು ಎಳೆಯುವುದು ರೈತರಿಗೆ ಗೊತ್ತೇ ಇದೆ. ಅದೇ ಪ್ರಮಾಣದಲ್ಲಿ ಶೇಕಡಾ 5ರಷ್ಟು ವಿರುದ್ಧ ವೋಲ್ಟೇಜು ಶೇಕಡಾ 30ರಷ್ಟು ವಿರುದ್ಧ ಕರೆಂಟನ್ನು ತರುತ್ತದೆ. ಅದರಿಂದ ನೀರು ಒಂದು ಹನಿಯೂ ಹೆಚ್ಚು ಬರುವುದಿಲ್ಲ. ಎಲ್ಲವೂ ಶಾಖವೇ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ತಂತಿಗಳ ನಡುವೆ ಅಳೆದಾಗ 410, 400, 375 ವೋಲ್ಟ್ ಬಂತೆನ್ನೋಣ. ಸರಾಸರಿ 395. ಅದಕ್ಕಿಂತ ಅತಿ ಹೆಚ್ಚು ದೂರವಿರುವುದು 375, ಅಂತರ 20; ಅಂದರೆ ಸುಮಾರು ಶೇಕಡಾ 5. ಈ ಅಂಕಿಯನ್ನು ಅದರಿಂದಲೇ ಗುಣಿಸಿ ಇಮ್ಮಡಿ ಮಾಡಿದರೆ 50. ಮೋಟಾರಿನ ಬಿಸಿಯೇರಿಕೆ ಸುಮಾರು ಶೇಕಡಾ 50ರಷ್ಟು ಹೆಚ್ಚುತ್ತದೆ ಎಂಬುದು ಇಂಜಿನಿಯರುಗಳು ಬಳಸುವ ಲೆಕ್ಕ. 60 ಡಿಗ್ರಿ ಏರಬೇಕಾದದ್ದು 90 ಡಿಗ್ರಿ ಏರುತ್ತದೆ. ಪ್ರತಿ 10 ಡಿಗ್ರಿ ಹೆಚ್ಚು ಬಿಸಿಗೆ ಸುರುಳಿಯ ಹೊದಿಕೆಯ ಆಯುಸ್ಸು ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಹೀಗೆ ಮೂರು ಬಾರಿ ಅರ್ಧವಾದರೆ ಎಂಟು ವರ್ಷ ಬಾಳುವ ಮೋಟಾರು ಒಂದು ವರ್ಷಕ್ಕೆ ಸುಟ್ಟು ಕೂರುತ್ತದೆ. 375 ವೋಲ್ಟು ಇದ್ದರೆ 'ಪರವಾಗಿಲ್ಲ, ಓಡುತ್ತೆ' ಎನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಮನೆಗಳ ದೀಪದ ಲೈನುಗಳನ್ನೆಲ್ಲ ಒಂದೇ ಫೇಸಿಗೆ ಸೇರಿಸಿದ ಕಡೆ ಈ ಅಸಮತೆ ಹೆಚ್ಚು. ಅಂಥ ಕಡೆ ಅಳತೆಯನ್ನು ಬರೆದಿಟ್ಟುಕೊಂಡು ವಿದ್ಯುತ್ ಕಂಪೆನಿಯ ಶಾಖೆಗೆ ಅರ್ಜಿ ಕೊಟ್ಟರೆ ಹೊರೆಯನ್ನು ಹಂಚಿ ಕಟ್ಟಿಸಲು ಆಧಾರ ಸಿಗುತ್ತದೆ.

ಫೋರ್ಟೆಸ್ಕ್ಯೂ ತೋರಿಸಿದ ಈ ವಿರುದ್ಧ ಗುಂಪನ್ನೇ ಹಿಡಿಯುವ ಉಪಕರಣ ಸಿಂಗಲ್ ಫೇಸಿಂಗ್ ಪ್ರಿವೆಂಟರ್. ಅದರೊಳಗಿನ ರೆಸಿಸ್ಟರು ಕಂಡೆನ್ಸರುಗಳನ್ನು ಎಂಥ ಕ್ರಮದಲ್ಲಿ ಜೋಡಿಸಿರುತ್ತಾರೆಂದರೆ, ಸರಿಯಾದ ಗುಂಪು ಬಂದಾಗ ಒಂದನ್ನೊಂದು ಕಳೆದು ಸೊನ್ನೆಯಾಗುತ್ತದೆ, ವಿರುದ್ಧ ಗುಂಪು ಬಂದಾಗ ಕೂಡಿಕೊಂಡು ಸ್ಟಾರ್ಟರನ್ನು ಬೀಳಿಸುತ್ತದೆ. ಈಗಿನ ಕೆಲವು ಮಾದರಿಗಳಲ್ಲಿ ಈ ಕೂಡುವ ಕಳೆಯುವ ಕೆಲಸವನ್ನು ಬೆರಳುಗುರಿನಷ್ಟು ಚಿಪ್ಪು ಮಾಡುತ್ತದೆ. ಲೈನಿನ ಕೆಲಸವಾದ ಮೇಲೆ ಎರಡು ತಂತಿ ಅದಲುಬದಲಾಗಿ ಪಂಪು ಉಲ್ಟಾ ತಿರುಗುವ ಹಾಗಿದ್ದರೂ ಇದು ಹೊರಡಲು ಬಿಡುವುದಿಲ್ಲ.

ಕೊಳ್ಳುವಾಗ ಒಂದು ಭೇದವನ್ನು ಕೇಳಿ ತಿಳಿಯಬೇಕು. ವೋಲ್ಟೇಜು ನೋಡುವ ಮಾದರಿ ತನಗಿಂತ ಹಿಂದೆ, ಅಂದರೆ ಕಂಬದ ಕಡೆ ಫೇಸು ಹೋದರೆ ಹಿಡಿಯುತ್ತದೆ. ಸ್ಟಾರ್ಟರಿನಿಂದ ಮೋಟಾರಿಗೆ ಹೋಗುವ ಕೇಬಲ್ಲಿನಲ್ಲಿ ತಂತಿ ತುಂಡಾದರೆ ಅದಕ್ಕೆ ಕಾಣುವುದಿಲ್ಲ. ಕರೆಂಟು ನೋಡುವ ಮಾದರಿ ಎರಡನ್ನೂ ಹಿಡಿಯುತ್ತದೆ. ನೂರಾರು ಅಡಿ ಕೆಳಗೆ ಕೇಬಲ್ ಜಾಯಿಂಟು ಇರುವ ಕೊಳವೆ ಬಾವಿಗೆ ಎರಡನೆಯದೇ ಯೋಗ್ಯ.

ಇನ್ನು ಕಂಡೆನ್ಸರ್ ಇಟ್ಟು ಎರಡು ಫೇಸಿನಲ್ಲಿ ಮೋಟಾರು ಓಡಿಸುವ ವಿಚಾರ. ಒಣಗುತ್ತಿರುವ ತೋಟದ ಮುಂದೆ ನಿಂತವನಿಗೆ ಬುದ್ಧಿ ಹೇಳುವುದು ಸುಲಭವಲ್ಲ. ಆದರೆ ಇಂಥ ಓಟದಲ್ಲಿ ಮೂರು ಫೇಸು ಸಮನಾಗುವುದು ಯಾವುದೋ ಒಂದು ಹೊರೆಗೆ ಮಾತ್ರ. ಬಾವಿಯ ನೀರಿನ ಮಟ್ಟ ಬದಲಾಗಿ ಹೊರೆ ಬದಲಾದರೆ ವಿರುದ್ಧ ಗುಂಪು ಮತ್ತೆ ತಲೆಯೆತ್ತುತ್ತದೆ. ಪ್ರಿವೆಂಟರ್ ಅದನ್ನು ಕಂಡು ಸ್ಟಾರ್ಟರನ್ನು ಬೀಳಿಸುತ್ತದೆ. ಆಗ ಪ್ರಿವೆಂಟರನ್ನೇ ತಂತಿ ಹಾಕಿ ಮುಚ್ಚಿಸಿ, ಮೂರು ಫೇಸು ಬಂದ ಮೇಲೂ ಹಾಗೆಯೇ ಬಿಡುವ ತೋಟಗಳು ಉಂಟು. ದುಡ್ಡು ಕೊಟ್ಟು ತಂದ ಉಪಕರಣ ಗೋಡೆಯ ಮೇಲಿದ್ದೂ ಮೋಟಾರು ಸುಡುವುದು ಹೆಚ್ಚಾಗಿ ಹೀಗೆ.

ಬೇಸಿಗೆಗೆ ಮುನ್ನ ತಿಳಿದ ಎಲೆಕ್ಟ್ರಿಷಿಯನ್ನನಿಂದ ಪ್ರಿವೆಂಟರನ್ನು ಪರೀಕ್ಷಿಸಿಸಬೇಕು. ಮೇನ್ ಸ್ವಿಚ್ ತೆಗೆದು, ಒಂದು ಫ್ಯೂಸು ಕಳಚಿ, ಮತ್ತೆ ಸ್ವಿಚ್ ಹಾಕಿದಾಗ ವೋಲ್ಟೇಜು ಮಾದರಿಯಿದ್ದರೆ ಸ್ಟಾರ್ಟರು ಹಿಡಿಯಲೇ ಕೂಡದು. ಕರೆಂಟು ಮಾದರಿಯಾದರೆ ಹಿಡಿದ ಕೆಲವೇ ಸೆಕೆಂಡುಗಳಲ್ಲಿ ಬಿಡಬೇಕು. ಮೋಟಾರು 'ಗುಂಯ್' ಎನ್ನುತ್ತ ಬಿಡದೆ ನಿಂತರೆ ತಕ್ಷಣ ಸ್ವಿಚ್ ತೆಗೆದು, ಪ್ರಿವೆಂಟರನ್ನು ಯಾರಾದರೂ ತಂತಿ ಹಾಕಿ ಮುಚ್ಚಿದ್ದಾರೆಯೇ ಎಂದು ಮೊದಲು ನೋಡಬೇಕು.