ನೀನು, ನೀವು, ನಾವು: ನಮ್ಮ ಪ್ರಾರ್ಥನೆಯ ನುಡಿ

(ಶತಮಾನೋತ್ಸವದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಈ ದೇವಾಲಯ ಎದ್ದು ನಿಂತ ಕಥೆಯನ್ನು, ಅದಕ್ಕಾಗಿ ದುಡಿದ ಹಿರಿಯರ ತ್ಯಾಗವನ್ನು, ನಮಗಿಂತ ಮೊದಲು ಮಾತನಾಡಿದವರು ವಿಸ್ತಾರವಾಗಿ ತಿಳಿಸಿದ್ದಾರೆ. ಅದನ್ನೇ ಮತ್ತೊಮ್ಮೆ ಹೇಳಿ ತಮ್ಮ ಊಟದ ಹೊತ್ತನ್ನು ಮೀರಿಸುವ ಇಚ್ಛೆ ನಮಗಿಲ್ಲ. ಈ ಗೋಡೆಗಳ ನಡುವೆ ದಿನನಿತ್ಯ ಕೇಳಿಬರುವ ಮೂರು ಸಣ್ಣ ಮಾತುಗಳನ್ನು ಕುರಿತು ಕೆಲವು ವಿಚಾರಗಳನ್ನು ತಮ್ಮ ಮುಂದಿಡಲು ಅಪೇಕ್ಷಿಸುತ್ತೇವೆ. ಅವು ನೀನು, ನೀವು, ನಾವು.

ಭಾಷೆ ಸಂಸ್ಕೃತಿಯ ವಾಹನ ಎಂಬ ಮಾತನ್ನು ಸಭೆ ಸಮಾರಂಭಗಳಲ್ಲಿ ಬಹಳ ಸಲ ಕೇಳಿದ್ದೇವೆ. ಆ ಹೋಲಿಕೆ ನಮಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಬತ್ತದ ಮೂಟೆಯನ್ನು ಗಾಡಿಯಿಂದ ಲಾರಿಗೆ ಹಾಕಿದರೆ ಅದು ಬತ್ತವಾಗಿಯೇ ಉಳಿಯುತ್ತದೆ. ಒಂದು ಪ್ರಾರ್ಥನೆಯನ್ನು ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ತಂದಾಗ ಹಾಗಾಗುವುದಿಲ್ಲ. ಹೊಸ ಭಾಷೆ ಕೆಲವು ಪ್ರಶ್ನೆಗಳನ್ನು ಕೇಳುತ್ತದೆ, ಉತ್ತರ ಕೊಡದ ಹೊರತು ಒಂದು ವಾಕ್ಯವನ್ನೂ ಮುಗಿಸಗೊಡುವುದಿಲ್ಲ.

ನಮ್ಮ ಧರ್ಮಕೇಂದ್ರದ ಮೊದಲ ನಾಲ್ಕು ದಶಕಗಳನ್ನು ನೆನೆಯಿರಿ. ಬಲಿಪೂಜೆ ಲತೀನಿನಲ್ಲಿ ನಡೆಯುತ್ತಿತ್ತು. ಜನ ಕೆಳಗೆ ಮೊಣಕಾಲೂರಿ ತಮ್ಮ ನುಡಿಯಲ್ಲಿ ಜಪಸರ ಮಾಡುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನಾ ವಿಧಿಯನ್ನು ಕುರಿತ ತನ್ನ ಸಂವಿಧಾನವನ್ನು ಪ್ರಕಟಿಸಿ, ಜನರ ಭಾಷೆಗೆ ಬಲಿಪೀಠದ ಬಳಿ ಸ್ಥಾನ ನೀಡಿತು. ಅನಂತರ ಕೆಲವೇ ವರ್ಷಗಳಲ್ಲಿ ಕನ್ನಡ ಅಲ್ಲಿಗೆ ಬಂದಿತು. ಕನ್ನಡದಲ್ಲಿ ಜಪ ಮಾಡುತ್ತಿದ್ದವರು ಮೊದಲಿನಿಂದ ಎದುರಿಸಿದ್ದ ಒಂದು ಪ್ರಶ್ನೆ ಆಗ ಬಲಿಪೂಜೆಯ ಪುಟಪುಟದಲ್ಲಿಯೂ ಎದುರಾಯಿತು: ದೇವರನ್ನು ‘ನೀನು’ ಎನ್ನಬೇಕೇ, ‘ನೀವು’ ಎನ್ನಬೇಕೇ?

ಲತೀನಿಗೆ ಈ ತೊಡಕಿರಲಿಲ್ಲ. ಪುರಾತನ ರೋಮಿನಲ್ಲಿ ಎದುರಿಗಿರುವವನು ಒಬ್ಬನಾದರೆ ‘ತು’. ಆತ ಚಕ್ರವರ್ತಿಯಾಗಲಿ, ಗುಲಾಮನಾಗಲಿ, ಸಂಬೋಧನೆ ಒಂದೇ. ದೊಡ್ಡವರನ್ನು ಬಹುವಚನದಿಂದ ಕರೆಯುವ ರೂಢಿ ಲತೀನಿಗೆ ತಡವಾಗಿ ಬಂದಿತು. ಬಂದಮೇಲೂ ಪ್ರಾರ್ಥನೆಯಲ್ಲಿ ದೇವರು ‘ತು’ ಆಗಿಯೇ ಉಳಿದರು. ಕನ್ನಡದಲ್ಲಿ ಬಾ, ಬನ್ನಿ, ದಯಮಾಡಿಸಿ ಎಂಬ ಮೆಟ್ಟಿಲುಗಳಿವೆ. ಯಾವುದಾದರೂ ಒಂದು ಮೆಟ್ಟಿಲ ಮೇಲೆ ನಿಲ್ಲದೆ ನಾವು ಯಾರನ್ನೂ ಮಾತನಾಡಿಸಲಾರೆವು. ರೋಮನ್ ಯಾಕೊಬ್ಸನ್ ಎಂಬ ಭಾಷಾಶಾಸ್ತ್ರಜ್ಞರು 1959ರಲ್ಲಿ ಹೇಳಿದ್ದು ಇದನ್ನೇ. ಯಾವ ಭಾಷೆಯಲ್ಲಿಯೂ ಏನನ್ನಾದರೂ ಹೇಳಬಹುದು. ಆದರೆ ಯಾವುದನ್ನು ಹೇಳದೆ ಬಿಡಲಾಗದು ಎಂಬುದರಲ್ಲಿ ಭಾಷೆಗಳು ಬೇರೆಬೇರೆ. ಭಾಷೆಯೇ ಮನುಷ್ಯನ ಯೋಚನೆಗೆ ಬೇಲಿ ಹಾಕುತ್ತದೆ ಎಂಬ ವಾದ ಅಮೆರಿಕದ ಬೆಂಜಮಿನ್ ವೋರ್ಫ್ (1897–1941) ಅವರ ಹೆಸರಿನಲ್ಲಿ ಪ್ರಸಿದ್ಧವಾಯಿತು. ಅದನ್ನು ಅಷ್ಟು ಉಗ್ರವಾಗಿ ಒಪ್ಪುವ ವಿದ್ವಾಂಸರು ಈಗ ವಿರಳ. ಬೇಲಿ ಎನ್ನುವುದಕ್ಕಿಂತ ಸವೆದ ಕಾಲುದಾರಿ ಎನ್ನೋಣ. ಬೇರೆ ಕಡೆಯಿಂದ ಹೋಗಬಾರದೆಂದಿಲ್ಲ. ಆದರೂ ಪಾದಗಳು ತಾವಾಗಿ ಅತ್ತ ತಿರುಗುತ್ತವೆ.

ಫ್ರಾನ್ಸ್ ದೇಶದ ಸಂಗತಿ ಇಲ್ಲಿ ನಮಗೆ ಹತ್ತಿರದ್ದು. ಮೈಸೂರು ಸೀಮೆಯಲ್ಲಿ ನಮ್ಮ ಪೂರ್ವಿಕರಿಗೆ ಉಪದೇಶ ಮಾಡಿದವರಲ್ಲಿ ಪ್ಯಾರಿಸಿನ ವಿದೇಶಿ ಮಿಷನ್ ಸಂಘದ ಗುರುಗಳು ಮುಖ್ಯರು. 1861ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಲತೀನ್–ಕನ್ನಡ ನಿಘಂಟನ್ನು ಅಚ್ಚು ಹಾಕಿಸಿದ ಶ್ರಮಜೀವಿಗಳು ಅವರು. ಅವರ ತಾಯ್ನುಡಿಯಲ್ಲಿಯೂ ನಮ್ಮಂತೆಯೇ ಎರಡು ಮಾತುಗಳು: ಸಲಿಗೆಗೆ ‘ತ್ಯು’, ಗೌರವಕ್ಕೆ ‘ವೂ’. ಪ್ರಭುವೇ ಕಲಿಸಿದ ಪ್ರಾರ್ಥನೆಯಲ್ಲಿ ಅಲ್ಲಿನ ಕಥೋಲಿಕರು ಪರಮಪಿತನನ್ನು ‘ವೂ’ ಎಂದು ಸಂಬೋಧಿಸುತ್ತಿದ್ದರು. 1966ರಲ್ಲಿ ಇತರ ಕ್ರೈಸ್ತ ಸಭೆಗಳೊಡನೆ ಒಪ್ಪಿದ ಹೊಸ ಪಾಠ ಬಳಕೆಗೆ ಬಂದಾಗ ಅದು ‘ತ್ಯು’ ಆಯಿತು. ಆದರೆ ಮಾತೆ ಮರಿಯಮ್ಮನವರ ಪ್ರಾರ್ಥನೆಯಲ್ಲಿ ‘ವೂ’ ಹಾಗೆಯೇ ಉಳಿಯಿತು. ಹೀಗೆ ಅವರು ದೇವರಿಗೆ ಸಲಿಗೆಯನ್ನೂ ದೇವರ ತಾಯಿಗೆ ಗೌರವವನ್ನೂ ಸಲ್ಲಿಸುತ್ತಾರೆ! ಇಂಗ್ಲಿಷಿನ ಪಾಡು ಇನ್ನೂ ವಿಚಿತ್ರ. ಅಲ್ಲಿ ‘ದೌ’ ಎಂಬುದು ಮನೆಮಂದಿಯ ಏಕವಚನವಾಗಿತ್ತು. ಬೀದಿಯಿಂದ ಅದು ಮರೆಯಾಗಿ ಪ್ರಾರ್ಥನೆಯಲ್ಲಿ ಮಾತ್ರ ಉಳಿದುದರಿಂದ, ಇಂದು ಕೇಳುವವರಿಗೆ ಅದೇ ಅತ್ಯಂತ ಗಂಭೀರವಾದ ಪದವಾಗಿ ತೋರುತ್ತದೆ.

ಕನ್ನಡ ಕಥೋಲಿಕರಾದ ನಾವು ‘ನೀವು’ ಎಂಬುದನ್ನು ಹಿಡಿದೆವು. ನಮ್ಮ ಪ್ರಾರ್ಥನೆಯಲ್ಲಿ ತಂದೆಯಾದ ದೇವರು ‘ನೀವು’, ಮರಿಯಮ್ಮನವರು ‘ನೀವು’. ಶುಭಸಂದೇಶದಲ್ಲಿ ಯೇಸುಸ್ವಾಮಿ ‘ಹೇಳಿದರು’. ಪ್ರೊಟೆಸ್ಟಂಟ್ ಸಹೋದರರ ಹಳೆಯ ಸತ್ಯವೇದದಲ್ಲಿ ಯೇಸು ‘ಹೇಳಿದನು’. ಒಂದೇ ಊರಿನ ಇಬ್ಬರು ಕ್ರೈಸ್ತರು ಬಾಯಿ ತೆರೆದ ಕೂಡಲೇ ಯಾರು ಯಾವ ಸಭೆಯವರೆಂದು ಒಂದು ಕ್ರಿಯಾಪದದಿಂದಲೇ ತಿಳಿಯುತ್ತಿದ್ದ ಕಾಲವಿತ್ತು. ಒಂದು ಪ್ರತ್ಯಯ ಒಂದು ಜನಸಮುದಾಯದ ಗುರುತಾಗುವುದೆಂದರೆ ಇದೇ.

ನಮ್ಮ ನೆರೆಹೊರೆಯ ಭಕ್ತಿಪರಂಪರೆ ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. ಹನ್ನೆರಡನೆಯ ಶತಮಾನದ ಶರಣರೂ ಅವರ ನಂತರದ ಹರಿದಾಸರೂ ತಮ್ಮ ದೇವರನ್ನು ‘ನೀನು’ ಎಂದೇ ಕರೆದರು, ಜಗಳವಾಡಿದರು, ಹಂಗಿಸಿದರು. ಸಾಮಾನ್ಯ ಜನರ ಬಾಯಲ್ಲಿಯೂ ಹಾಗೆಯೇ. ‘ದೇವರು’ ಎಂಬ ಶಬ್ದದ ರೂಪ ಬಹುವಚನ. ಆದರೂ ಕಷ್ಟದಲ್ಲಿರುವ ರೈತ ‘ದೇವರಿದ್ದಾನೆ’ ಎನ್ನುತ್ತಾನೆ. ಅರ್ಧ ಗೌರವ, ಅರ್ಧ ಸಲಿಗೆ. ಇದು ವ್ಯಾಕರಣದೋಷವೆಂದು ನಮಗೆ ಎಂದೂ ಅನ್ನಿಸಿಲ್ಲ.

ಮನೆಯನ್ನು ನೋಡಿ. ನಮ್ಮ ಕಡೆಯ ಬಹಳ ಮನೆಗಳಲ್ಲಿ ಮಗು ತಾಯಿಗೆ ‘ನೀನು’ ಎನ್ನುತ್ತದೆ, ತಂದೆಗೆ ‘ನೀವು’ ಎನ್ನುತ್ತದೆ. ತಾಯಿಯನ್ನು ಕಡಿಮೆ ಗೌರವಿಸುವುದರಿಂದ ಹಾಗಲ್ಲವೆಂಬುದು ಎಲ್ಲರಿಗೂ ಗೊತ್ತು. ಹಾಗಾದರೆ ದೇವರು ತಾಯಿಯ ಹಾಗೆಯೋ ತಂದೆಯ ಹಾಗೆಯೋ? ಗುರುಮಠದಲ್ಲಿ ದೈವಶಾಸ್ತ್ರ ಓದುತ್ತಿದ್ದಾಗ ‘ಅಬ್ಬಾ’ ಎಂಬ ಶಬ್ದದ ಬಗ್ಗೆ ಬಹಳ ಚರ್ಚೆ ಕೇಳಿದ್ದೆವು. ಗೆತ್ಸೆಮನಿಯಲ್ಲಿ ಯೇಸುಸ್ವಾಮಿ ಆಡಿದ ಈ ಅರಮಾಯಿಕ್ ಮಾತನ್ನು ಸಂತ ಮಾರ್ಕರು ಗ್ರೀಕಿನಲ್ಲಿ ಬರೆಯುವಾಗಲೂ ಹಾಗೆಯೇ ಉಳಿಸಿಕೊಂಡರು. ಸಂತ ಪೌಲರೂ ಎರಡು ಪತ್ರಗಳಲ್ಲಿ ಉಳಿಸಿಕೊಂಡರು. ಜರ್ಮನಿಯ ವಿದ್ವಾಂಸ ಯೋವಾಕಿಂ ಯೆರೆಮಿಯಾಸ್ ಅವರು ಅದರಲ್ಲಿ ಮಕ್ಕಳ ತೊದಲ್ನುಡಿಯ ಆಪ್ತತೆಯನ್ನು ಕಂಡರು. ಜೇಮ್ಸ್ ಬಾರ್ ಅವರು 1988ರಲ್ಲಿ ಅದನ್ನು ವಿರೋಧಿಸಿ, ಬೆಳೆದ ಮಕ್ಕಳೂ ಗೌರವದಿಂದ ಆಡುತ್ತಿದ್ದ ಮಾತು ಅದು ಎಂದು ತೋರಿಸಿದರು. ಈ ವಾದವನ್ನು ಕೇಳುವಾಗಲೆಲ್ಲ ನಮಗೆ ಅನ್ನಿಸುತ್ತಿದ್ದುದು ಇಷ್ಟೇ: ಇವರಿಗೆ ಕನ್ನಡ ಬರುವಂತಿದ್ದರೆ! ನಮ್ಮ ‘ಅಪ್ಪ’ ಎಂಬ ಮಾತನ್ನು ಎರಡು ವರ್ಷದ ಮಗುವೂ ಆಡುತ್ತದೆ, ಐವತ್ತು ವರ್ಷದ ಮಗನೂ ಆಡುತ್ತಾನೆ. ‘ಅಪ್ಪಾ, ನೀವು ಬನ್ನಿ’ ಎಂದರೂ ಸರಿ, ‘ಅಪ್ಪಾ, ಬಾ’ ಎಂದರೂ ಸರಿ.

ಈ ಅಪ್ಪನೇ ನಮ್ಮ ಹೆಸರುಗಳಲ್ಲಿ ಕುಳಿತಿದ್ದಾನೆ. ಹಳೆಯ ಜ್ಞಾನಸ್ನಾನದ ಪುಸ್ತಕಗಳಲ್ಲಿ ಹೆಸರು ಲತೀನಿನಲ್ಲಿ ಇಗ್ನಾಸಿಯುಸ್, ಪೌಲುಸ್. ಜನರ ಬಾಯಲ್ಲಿ ಇನ್ನಾಸಪ್ಪ, ಚಿನ್ನಪ್ಪ. ಪೌಲುಸ್ ಎಂದರೆ ಲತೀನಿನಲ್ಲಿ ಚಿಕ್ಕವನು. ತಮಿಳಿನಲ್ಲಿ ‘ಚಿನ್ನ’ ಎಂದರೂ ಚಿಕ್ಕದು. ಅದರಿಂದ ಸಂತ ಪೌಲರು ಅಲ್ಲಿ ಚಿನ್ನಪ್ಪರಾದರು. ಆ ಹೆಸರು ಗಡಿ ದಾಟಿ ನಮ್ಮಲ್ಲಿಗೆ ಬಂದಾಗ ಕನ್ನಡದ ಕಿವಿಗೆ ಕೇಳಿಸಿದ್ದು ಬಂಗಾರ! ಚಿಕ್ಕವನು ಚಿನ್ನದವನಾದ ಈ ಪವಾಡಕ್ಕೆ ಯಾವ ಭಾಷಾಂತರಕಾರನೂ ಹೊಣೆಯಲ್ಲ.

ಇನ್ನು ‘ನಾವು’. ಈ ಮಾತಿನಲ್ಲಿ ನಮ್ಮ ಕನ್ನಡ ನೆರೆಯ ನುಡಿಗಳಿಗಿಂತ ಬೇರೆಯಾಗಿದೆ. ತಮಿಳಿನಲ್ಲಿ ಕೇಳುವವನನ್ನೂ ಸೇರಿಸಿಕೊಂಡರೆ ‘ನಾಮ್’, ಅವನನ್ನು ಬಿಟ್ಟರೆ ‘ನಾಂಗಳ್’. ತೆಲುಗಿನಲ್ಲಿ ‘ಮನಮು’ ಮತ್ತು ‘ಮೇಮು’, ಮಲಯಾಳದಲ್ಲಿ ‘ನಮ್ಮಳ್’ ಮತ್ತು ‘ಞಙ್ಙಳ್’, ತುಳುವಿನಲ್ಲಿ ‘ನಮ’ ಮತ್ತು ‘ಎಂಕುಲು’. ನಮ್ಮ ಧರ್ಮಕೇಂದ್ರದಲ್ಲಿ ಈ ನುಡಿಗಳನ್ನಾಡುವ ಕುಟುಂಬಗಳಿವೆ. ಅವರ ತಾಯ್ನುಡಿಯ ಪ್ರಾರ್ಥನೆಯನ್ನು ಕೇಳಿಸಿಕೊಳ್ಳಿ. ತಮಿಳರು ದೇವರನ್ನು ತಂದೆಯೆಂದು ಕರೆಯುವಾಗ ‘ಎಂಗಳ್’ ಎನ್ನುತ್ತಾರೆ, ತೆಲುಗರು ‘ಮಾ’ ಎನ್ನುತ್ತಾರೆ. ಕೇಳುವಾತ ದೇವರು, ತಂದೆ ತನಗೆ ತಾನೇ ತಂದೆಯಾಗಲಾರನಲ್ಲ! ಅದೇ ಜನ ಪಕ್ಕದವರೊಡನೆ ದೇವರ ಬಗ್ಗೆ ಮಾತನಾಡುವಾಗ ಮಾತು ತಿರುಗುತ್ತದೆ, ನಿನ್ನನ್ನೂ ಒಳಗೊಂಡ ‘ನಮ್ಮ’ ಆಗುತ್ತದೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ‘ನಾಳೆ ನಾವು ಹಬ್ಬದ ಊಟಕ್ಕೆ ಹೋಗುತ್ತೇವೆ’ ಎಂದು ಕನ್ನಡಿಗನೊಬ್ಬ ಹೇಳಿದರೆ, ಕೇಳಿದವನಿಗೆ ತನ್ನನ್ನು ಕರೆದಂತಾಯಿತೋ ಇಲ್ಲವೋ ತಿಳಿಯುವುದಿಲ್ಲ. ಹೇಳಿದವನ ಮುಖ ನೋಡಬೇಕು.

ಗುರುಗಳಾದ ನಮ್ಮ ‘ನಾವು’ ಮೂರನೆಯ ಬಗೆಯದು. ಅದು ಪೀಠದ ಬಹುವಚನ. 1978ರಲ್ಲಿ 33 ದಿನ ಮಾತ್ರ ಪೀಠದಲ್ಲಿದ್ದ ಒಂದನೆಯ ಜಾನ್ ಪಾಲ್ ಜಗದ್ಗುರುಗಳು ‘ನಾನು’ ಎಂದು ಮಾತನಾಡತೊಡಗಿದರು. ಹಳ್ಳಿಯ ಗುರುಗಳು ಇನ್ನೂ ಬಿಟ್ಟಿಲ್ಲ. ಇಂದಿನ ಭಾಷಣವೇ ಸಾಕ್ಷಿ.

ಕನ್ನಡದ ‘ನಾವು’ ಎಂಬುದರ ಈ ಅಸ್ಪಷ್ಟತೆಯನ್ನು ಕೊರತೆಯೆಂದು ಕೆಲವರು ಹೇಳಬಹುದು. ಅದು ಬಾಗಿಲನ್ನು ಅರ್ಧ ತೆರೆದಿಟ್ಟಂತೆ. ಪೂರ್ತಿ ತೆರೆಯುವುದೋ ಹಾಕಿಕೊಳ್ಳುವುದೋ ಆಡುವವನ ಮನಸ್ಸಿಗೆ ಬಿಟ್ಟದ್ದು. ‘ನಮ್ಮ ದೇವಾಲಯ’ ಎಂದು ಎಲ್ಲರೂ ಹೇಳುತ್ತೇವೆ. ‘ನಮ್ಮವರು’ ಎಂದಾಗ ಮಾತ್ರ ಸ್ವರ ಸ್ವಲ್ಪ ತಗ್ಗುತ್ತದೆ. ಆ ‘ನಮ್ಮವರು’ ಒಂದು ಭಾಷೆಯವರು, ಒಂದು ಬೀದಿಯವರು, ಮುಚ್ಚಿಡುವುದೇಕೆ, ಒಂದು ಜಾತಿಯವರು. ಭಾನುವಾರದ ಎರಡನೆಯ ಬಲಿಪೂಜೆ ಯಾವ ನುಡಿಯಲ್ಲಿ ನಡೆಯಬೇಕು, ಹಬ್ಬದ ತೇರಿಗೆ ಮೊದಲು ಯಾರು ಹೆಗಲು ಕೊಡಬೇಕು ಎಂಬ ವಾದಗಳಲ್ಲಿ ನಾವು ಕೇಳಿದ ‘ನಮ್ಮ’ ಎಂಬ ಮಾತುಗಳನ್ನು ತಮಿಳಿಗೆ ತಿರುಗಿಸಿದ್ದರೆ ಒಂದೊಂದೂ ‘ಎಂಗಳ್’ ಆಗುತ್ತಿತ್ತು. ಇದನ್ನು ಇಂದಿನ ಸಂಭ್ರಮದ ದಿನ ಆಡಬಾರದಿತ್ತೆಂದು ಕೆಲವರಿಗೆ ತೋರಬಹುದು. ಎಲ್ಲರೂ ಒಟ್ಟಿಗೆ ಕುಳಿತಿರುವ ಇನ್ನೊಂದು ದಿನ ಬೇಗ ಸಿಕ್ಕುವುದಿಲ್ಲ.

ಅದಕ್ಕಿಂತಲೂ ನಮ್ಮನ್ನು ಹೆಚ್ಚು ಕಾಡುವುದು ‘ನೀನು’ ಎಂಬುದರ ಇನ್ನೊಂದು ಮುಖ. ತಾಯಿಗೆ ಆಡುವ ‘ನೀನು’ ಪ್ರೀತಿಯದು. ಶಿಲುಬೆ ಬೆಟ್ಟದ ಕಸ ಗುಡಿಸುವ ಮುದುಕಿಗೆ, ಸಮಾಧಿ ತೋಡುವ ಹಿರಿಯನಿಗೆ, ಪರಮಪ್ರಸಾದ ಸ್ವೀಕರಿಸಿ ಹೊರಬಂದ ಹತ್ತು ವರ್ಷದ ಹುಡುಗ ಆಡುವ ‘ನೀನು’ ಪ್ರೀತಿಯದಲ್ಲ. ಅದನ್ನು ಅವನು ತನ್ನ ಮನೆಯ ಜಗಲಿಯಲ್ಲಿ ಕಲಿತಿದ್ದಾನೆ. ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ವಿದ್ವಾಂಸರು 1960ರಲ್ಲಿ ಯೂರೋಪಿನ ಭಾಷೆಗಳನ್ನು ಪರಿಶೀಲಿಸಿ, ಇಬ್ಬರೂ ಪರಸ್ಪರ ಏಕವಚನ ಆಡಿದರೆ ಅದು ಒಡನಾಟ, ಒಬ್ಬನೇ ಆಡಿ ಇನ್ನೊಬ್ಬನು ಬಹುವಚನದಲ್ಲಿ ಉತ್ತರಿಸಬೇಕಾದರೆ ಅದು ಅಧಿಕಾರ ಎಂದು ವಿವರಿಸಿದರು. ಸಂಬೋಧನೆಯ ಒಂದು ಮಾತಿನಲ್ಲಿಯೇ ಸ್ವರ್ಗವೂ ನರಕವೂ ಇವೆಯೆಂದು ಬಸವಣ್ಣನವರು ಎಂಟು ಶತಮಾನಗಳ ಹಿಂದೆಯೇ ಕನ್ನಡದಲ್ಲಿ ಹೇಳಿ ಮುಗಿಸಿದ್ದರು. ಪಾಪನಿವೇದನೆಗೆ ಮುಂಚೆ ಆತ್ಮಪರಿಶೋಧನೆಗಾಗಿ ಜಪದ ಪುಸ್ತಕಗಳಲ್ಲಿ ಕೊಡುವ ಪ್ರಶ್ನೆಗಳು ಬಹುಪಾಲು ಬೇರೆ ಭಾಷೆಗಳಿಂದ ಬಂದವು. ಸುಳ್ಳು ಹೇಳಿದೆಯಾ, ಕದ್ದೆಯಾ ಎಂದು ಕೇಳುತ್ತವೆ. ‘ಹಿರಿಯರಾದ ಬಡವರನ್ನು ಏಕವಚನದಲ್ಲಿ ಕರೆದೆಯಾ?’ ಎಂಬ ಪ್ರಶ್ನೆ ಅವುಗಳಲ್ಲಿ ನಮಗೆ ಕಾಣಲಿಲ್ಲ. ಲತೀನಿನಲ್ಲಿ ಆ ಪ್ರಶ್ನೆ ಹುಟ್ಟುವುದೇ ಇಲ್ಲ, ಕನ್ನಡದಲ್ಲಿ ಹುಟ್ಟಲೇಬೇಕು. ಈ ವರ್ಷದಿಂದ ನಮ್ಮ ಧರ್ಮೋಪದೇಶ ತರಗತಿಯ ಹಾಳೆಯಲ್ಲಿ ಅದನ್ನು ಸೇರಿಸಿದ್ದೇವೆ.

ಈಚಿನ ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿ ಇಂಗ್ಲಿಷಿನಲ್ಲಿಯೇ ಪ್ರಾರ್ಥನೆ ಕಲಿಯುತ್ತಾರೆ. ನಮಗೆ ಇಂಗ್ಲಿಷಿನ ಮೇಲೆ ದ್ವೇಷವಿಲ್ಲ. ಅಲ್ಲಿ ‘ಯೂ’ ಎಂಬ ಒಂದೇ ಮಾತು ದೇವರಿಗೂ ಆಳಿಗೂ ಸಾಕು. ಅದರಲ್ಲಿ ಒಂದು ಸಮಾನತೆಯೂ ಇದೆ. ಆದರೆ ಆ ಮಕ್ಕಳ ಅಜ್ಜಿ ಕೊನೆಯ ದಿನಗಳಲ್ಲಿ ಹಾಸಿಗೆಯ ಮೇಲೆ ಜಪಸರ ಹಿಡಿದಾಗ, ಅರ್ಧ ಆಕೆ ಹೇಳಿ ಅರ್ಧ ಮನೆಯವರು ಹೇಳಬೇಕಾದ ಆ ಪ್ರಾರ್ಥನೆಯ ಎರಡನೆಯ ಅರ್ಧ ಬರದೆ ಮೊಮ್ಮಕ್ಕಳು ಸುಮ್ಮನೆ ನಿಂತಿರುವುದನ್ನು, ಅವಸ್ಥೆ ಪೂಸಲು ಹೋದ ಮನೆಗಳಲ್ಲಿ ನಾವು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇವೆ.

ಶತಮಾನೋತ್ಸವದ ನೆನಪಿಗಾಗಿ ತರಗತಿಯ ಮಕ್ಕಳಿಗೆ ತಮ್ಮದೇ ಮಾತಿನಲ್ಲಿ ಒಂದೊಂದು ಕನ್ನಡ ಪ್ರಾರ್ಥನೆ ಬರೆದುಕೊಡಲು ಹೇಳಿದ್ದೆವು. ಬಹಳ ಮಂದಿ ಎರಡನೆಯ ಪದಕ್ಕೇ ನಿಂತು, ‘ಸ್ವಾಮಿ, ನೀನು ಅಂತ ಬರೆಯಬೇಕಾ, ನೀವು ಅಂತ ಬರೆಯಬೇಕಾ?’ ಎಂದು ಕೇಳಿದರು. ಮನಸ್ಸಿಗೆ ಬಂದಂತೆ ಬರೆಯಿರಿ ಎಂದೆವು. ಕೆಲವರು ‘ನೀವು’ ಎಂದಿದ್ದಾರೆ, ಕೆಲವರು ‘ನೀನು’ ಎಂದಿದ್ದಾರೆ. ಒಬ್ಬ ಹುಡುಗ ಮೊದಲ ಸಾಲಿನಲ್ಲಿ ‘ನೀವು’ ಎಂದು ಆರಂಭಿಸಿ, ತನ್ನ ತಂದೆಯ ಕಾಯಿಲೆಯ ಮಾತು ಬರುತ್ತಲೂ ‘ನೀನು’ ಎಂದುಬಿಟ್ಟಿದ್ದಾನೆ. ಅಚ್ಚಿಗೆ ಕೊಡುವಾಗ ಯಾವುದನ್ನೂ ತಿದ್ದಲಿಲ್ಲ. ಆ ಕಿರುಪುಸ್ತಕದ ಪ್ರತಿಗಳು ಹೊರಬಾಗಿಲ ಬಳಿ ನಮ್ಮ ಉಪದೇಶಿಯವರಲ್ಲಿ ದೊರೆಯುತ್ತವೆ. ಮನೆಗೊಂದರಂತೆ ತೆಗೆದುಕೊಂಡು ಹೋಗಬೇಕಾಗಿ ವಿನಂತಿ.