ಮಾತ್ರೆಯ ಬೆಲೆ ಮತ್ತು ಒಂದು ಕಾನೂನು



ಔಷಧಿ ತಯಾರಿಕೆಯಲ್ಲಿ ಇರುವವನು ನಾನು. ಹಾಗಾಗಿ ಮಾತ್ರೆಯ ಬೆಲೆಯ ಬಗ್ಗೆಯೇ ನಾಲ್ಕು ಮಾತು ಹೇಳುತ್ತೇನೆ. ಮಾತ್ರೆ ಮಾಡಲು ತಗಲುವ ಖರ್ಚಿಗೂ ಅಂಗಡಿಯ ಬೆಲೆಗೂ ನಡುವೆ ಎಷ್ಟೋ ಸಲ ಪೇಟೆಂಟ್ ನಿಂತಿರುತ್ತದೆ. ಹೊಸದನ್ನು ಕಂಡುಹಿಡಿದವರಿಗೆ ಸರ್ಕಾರ 20 ವರ್ಷಕ್ಕೆ ಕೊಡುವ ಏಕಸ್ವಾಮ್ಯ ಅದು. ಕಂಡುಹಿಡಿದವರಿಗೆ ಪ್ರತಿಫಲ ಬೇಡವೆಂದು ನಾನು ಹೇಳುವುದಿಲ್ಲ. ಎಷ್ಟು, ಎಲ್ಲಿಯವರೆಗೆ ಎಂಬುದೇ ಪ್ರಶ್ನೆ.

ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ಔಷಧಿಗೆ ಪೇಟೆಂಟ್ ಇರಲಿಲ್ಲ. ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಇತ್ತು, ಅದೂ ಹೆಚ್ಚೆಂದರೆ 7 ವರ್ಷ. ಹೋಳಿಗೆ ಯಾರೊಬ್ಬರದೂ ಅಲ್ಲ, ನೀವು ಮಾಡುವ ರೀತಿ ಮಾತ್ರ ನಿಮ್ಮದು ಎಂದಂತೆ. ಬೇರೆ ರೀತಿಯಲ್ಲಿ ಮಾಡಿದವರು ಧಾರಾಳವಾಗಿ ಮಾರಬಹುದು. ನಮ್ಮ ರಸಾಯನಶಾಸ್ತ್ರಜ್ಞರು ಆ ಬೇರೆ ದಾರಿ ಹುಡುಕುವುದರಲ್ಲೇ ಪಳಗಿದರು.

ಅದರ ಫಲವನ್ನು ಆಫ್ರಿಕಾ ಕಂಡಿತು. ಎಚ್‌ಐವಿ ರೋಗಿಯೊಬ್ಬರ ಒಂದು ವರ್ಷದ ಔಷಧಿಗೆ ಶ್ರೀಮಂತ ದೇಶಗಳಲ್ಲಿ 10,000 ಡಾಲರ್‌ಗೂ ಮೇಲಿತ್ತು. ಅಗ್ಗದ ಔಷಧಿ ತರಿಸಿಕೊಳ್ಳಲು ದಕ್ಷಿಣ ಆಫ್ರಿಕಾ 1997ರಲ್ಲಿ ಕಾನೂನು ಮಾಡಿದರೆ, 39 ಔಷಧ ಕಂಪನಿಗಳು ಕೋರ್ಟಿಗೆ ಹೋದವು. 2001ರ ಫೆಬ್ರುವರಿಯಲ್ಲಿ ಮುಂಬೈಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದೇ ಬಗೆಯ ಮೂರು ಔಷಧಿಗಳನ್ನು ವರ್ಷಕ್ಕೆ 350 ಡಾಲರ್‌ಗೆ ಕೊಡುತ್ತೇನೆಂದರು. ಜಗತ್ತಿನ ಮುಂದೆ ಗುಟ್ಟು ಬಯಲಾಯಿತು. ಏಪ್ರಿಲ್‌ನಲ್ಲಿ ಆ ಕಂಪನಿಗಳು ಮೊಕದ್ದಮೆ ಹಿಂದಕ್ಕೆ ಪಡೆದವು.

ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಿಂದಾಗಿ 2005ರಲ್ಲಿ ನಾವೂ ಔಷಧಿಗೇ ಪೇಟೆಂಟ್ ಕೊಡಬೇಕಾಯಿತು. ಆದರೆ ಕಾಯ್ದೆಯಲ್ಲಿ ಎರಡು ಒಳ್ಳೆಯ ಕಲಮುಗಳಿವೆ. ಹಳೆಯ ಔಷಧಿಗೆ ಹೊಸ ರೂಪ ಕೊಟ್ಟು ಮತ್ತೆ ಪೇಟೆಂಟ್ ಕೇಳಿದರೆ, ಗುಣ ಹೆಚ್ಚಿದೆ ಎಂದು ತೋರಿಸಬೇಕು. ಇನ್ನೊಂದು, ಮಕ್ಕಳು ಗಮನಿಸಬೇಕು: ಪೇಟೆಂಟ್ ಕೊಡುವ ಮೊದಲು ಯಾರು ಬೇಕಾದರೂ ಬರೆದು ಆಕ್ಷೇಪಿಸಬಹುದು. ವಕೀಲರೇ ಆಗಬೇಕಿಲ್ಲ, ಕಂಪನಿಯೂ ಬೇಕಿಲ್ಲ.

ಮಾಮೂಲಿ ಔಷಧಿಗೆ ಬಗ್ಗದ ಕ್ಷಯಕ್ಕೆ ಬೆಡಾಕ್ವಿಲಿನ್ ಎಂಬ ಮಾತ್ರೆ ಇದೆ. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಅದರ ಲವಣ ರೂಪಕ್ಕೆ ಮತ್ತೊಂದು ಪೇಟೆಂಟ್ ಕೇಳಿತ್ತು. ಸಿಕ್ಕಿದ್ದರೆ ಏಕಸ್ವಾಮ್ಯ 2027ರವರೆಗೆ ಮುಂದುವರಿಯುತ್ತಿತ್ತು. 2019ರಲ್ಲಿ ಕ್ಷಯದಿಂದ ಬದುಕುಳಿದ ಇಬ್ಬರು ಯುವತಿಯರು ಆಕ್ಷೇಪಣೆ ಸಲ್ಲಿಸಿದರು. ಒಬ್ಬರು ಮುಂಬೈಯವರು, ಇನ್ನೊಬ್ಬರು ದಕ್ಷಿಣ ಆಫ್ರಿಕಾದವರು. ಹಳೆಯ ಔಷಧಿಗಳ ದುಷ್ಪರಿಣಾಮದಿಂದ ಇಬ್ಬರಿಗೂ ಕಿವಿ ಕೇಳಿಸದಂತಾಗಿತ್ತು. 2023ರ ಮಾರ್ಚ್‌ನಲ್ಲಿ ನಮ್ಮ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿಯನ್ನು ತಿರಸ್ಕರಿಸಿತು. ಜುಲೈಯಲ್ಲಿ ಮೂಲ ಪೇಟೆಂಟಿನ ಅವಧಿ ಮುಗಿದು, ಬೇರೆಯವರೂ ಆ ಮಾತ್ರೆ ತಯಾರಿಸಲು ದಾರಿಯಾಯಿತು.